‘ಸಿ.ಐ.ಡಿ.’ ಎಂಬ ಅಡ್ಡಹೆಸರು

ತರಗತಿಯಲ್ಲಿ ಯಾರಾದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರೆ, ಮನೆಯಲ್ಲಿ ದೊಡ್ಡವರ ಮಾತಿಗೆ ಕಿವಿಗೊಟ್ಟರೆ ನಮ್ಮ ಕಡೆ ಒಂದು ಮಾತು ಸಿದ್ಧವಾಗಿರುತ್ತದೆ: ‘ಭಾರಿ ಸಿ.ಐ.ಡಿ. ಬಂದಾನ ನೋಡ್ರಿ!’ ರನ್ನ ಬೆಳಗಲಿಯ ಮಕ್ಕಳಿಗೂ ಗೊತ್ತಿರುವ ಈ ಅಡ್ಡಹೆಸರು ಎಲ್ಲಿಂದ ಬಂತು?

ಸಿ.ಐ.ಡಿ. ಎಂಬುದು ಮನುಷ್ಯನ ಹೆಸರಲ್ಲ, ಇಲಾಖೆಯ ಹೆಸರು. ‘ಕ್ರಿಮಿನಲ್ ಇನ್‌ವೆಸ್ಟಿಗೇಷನ್ ಡಿಪಾರ್ಟ್‌ಮೆಂಟ್’ ಎಂಬುದರ ಮೊದಲಕ್ಷರಗಳು ಸೇರಿ ಆದದ್ದು. ಲಂಡನ್ ಪೊಲೀಸರು 1878ರಲ್ಲಿ ಈ ಹೆಸರಿನ ವಿಭಾಗ ತೆರೆದರು. ಭಾರತದ ಪ್ರಾಂತ್ಯಗಳಿಗೆ ಇದು ಬಂದದ್ದು 1902-03ರ ಪೊಲೀಸ್ ಆಯೋಗದ ಶಿಫಾರಸಿನ ನಂತರ. ಸಾದಾ ಉಡುಪಿನಲ್ಲಿ ಬಂದು ವಿಚಾರಿಸುವವನನ್ನು ಏನೆಂದು ಕರೆಯುವುದು? ಜನ ಇಲಾಖೆಯ ಹೆಸರನ್ನೇ ಅವನಿಗೆ ಇಟ್ಟುಬಿಟ್ಟರು. 1968ರಲ್ಲಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಗಳಲ್ಲಿ ಡಾ. ರಾಜ್‌ಕುಮಾರ್ ಗುಪ್ತಚರನಾಗಿ ಬಂದ ಮೇಲಂತೂ ಆ ಮೂರು ಅಕ್ಷರಗಳಿಗೆ ಹೊಸ ಮೆರುಗು ಬಂತು. ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ಪುರುಷೋತ್ತಮ ‘ಪತ್ತೇದಾರ’ನಾಗಿಯೇ ಉಳಿದ. ಆಡುಮಾತಿನಲ್ಲಿ ನಿಂತದ್ದು ಮಾತ್ರ ಸಿ.ಐ.ಡಿ.

ಬೇರೆ ದೇಶಗಳಲ್ಲೂ ಇಂಥ ಅಡ್ಡಹೆಸರುಗಳಿವೆ. ಅಮೆರಿಕದವರು ಪತ್ತೇದಾರನನ್ನು ‘ಗಮ್‌ಶೂ’ ಎಂದರು. ಗಮ್ ಎಂದರೆ ಇಲ್ಲಿ ರಬ್ಬರು. ಗಟ್ಟಿ ಚರ್ಮದ ಅಟ್ಟೆ ನೆಲಕ್ಕೆ ಬಡಿದಾಗ ಟಕಟಕ ಸದ್ದಾಗುತ್ತದೆ. ರಬ್ಬರು ಒತ್ತಿದಾಗ ತಗ್ಗಿ, ಬಡಿತವನ್ನು ಮೆತ್ತಗಾಗಿಸುತ್ತದೆ. ಸದ್ದಿಲ್ಲದೆ ಹಿಂಬಾಲಿಸುವವನಿಗೆ ಬೂಟಿನ ಹೆಸರೇ ಬಿತ್ತು!

ಇನ್ನೊಂದು ಹೆಸರು ‘ಸ್ಲೂತ್’. ಮೂಲದಲ್ಲಿ ಇದರ ಅರ್ಥ ಹೆಜ್ಜೆಯ ಜಾಡು. ಸ್ಕಾಟ್ಲೆಂಡಿನಲ್ಲಿ ವಾಸನೆ ಹಿಡಿದು ಜಾಡು ಹುಡುಕುವ ಬೇಟೆನಾಯಿಗೆ ‘ಸ್ಲೂತ್-ಹೌಂಡ್’ ಎನ್ನುತ್ತಿದ್ದರು. ಅದೇ ಮುಂದೆ ಪತ್ತೇದಾರನ ಹೆಸರಾಯಿತು. ನಮ್ಮ ಮುಧೋಳದ ನಾಯಿಯೂ ಹೆಸರಾಂತ ಬೇಟೆನಾಯಿಯೇ. ಆದರೆ ಅದು ಹೆಚ್ಚಾಗಿ ನಂಬುವುದು ಮೂಗನ್ನಲ್ಲ, ಕಣ್ಣನ್ನು.

ಕಣ್ಣಿನ ಮಾತು ಬಂದಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ತಟ್ಟೆಯ ನೀರಿನಲ್ಲಿ ಮೇಣದ ಬತ್ತಿ ಹಚ್ಚಿ, ಗಾಜಿನ ಲೋಟ ಬೋರಲು ಹಾಕಿ ತೋರಿಸುತ್ತಿದ್ದೆ. ಬತ್ತಿ ಆರಿತು, ಲೋಟದೊಳಗೆ ನೀರು ಏರಿತು. ‘ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು’ ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಸರ್, ಉರಿಯೂ ಮುಂದ ನೀರು ಅಷ್ಟು ಏರಲಿಲ್ರಿ. ಆರಿದ ಮ್ಯಾಲೆ ಒಮ್ಮೆಲೆ ಏರಿತ್ರಿ’ ಎಂದಳು. ‘ಕೂಡವಾ ಸಿ.ಐ.ಡಿ.!’ ಎಂದೆ. ತರಗತಿ ನಕ್ಕಿತು.

ಸಂಜೆ ಮನೆಯಲ್ಲಿ ಮತ್ತೆ ಮಾಡಿ ನೋಡಿದೆ. ಅವಳು ಹೇಳಿದ್ದೇ ನಿಜ. ಜ್ವಾಲೆಯ ಬಿಸಿಗೆ ಹಿಗ್ಗಿದ ಗಾಳಿ, ಬತ್ತಿ ಆರಿದೊಡನೆ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಏರಿಕೆಗೆ ಮುಖ್ಯ ಕಾರಣ ಇದು. ಮರುದಿನ ಎಲ್ಲರೆದುರು ತಪ್ಪು ಒಪ್ಪಿಕೊಂಡೆ. ಆದರೆ ಆ ಹುಡುಗಿ ವರ್ಷವಿಡೀ ಮತ್ತೆ ಕೈ ಎತ್ತಲಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ಮಗು ಪ್ರಶ್ನೆ ಕೇಳಿದಾಗ ಈ ಅಡ್ಡಹೆಸರು ನಾಲಿಗೆಯ ತುದಿಗೆ ಬಂದರೆ ಅಲ್ಲೇ ತಡೆಯಿರಿ. ಒಂದು ಬತ್ತಿ, ತಟ್ಟೆ, ಲೋಟ ತೆಗೆದುಕೊಂಡು ಮಗುವಿನ ಜೊತೆ ಕೂಡಿರಿ. ನೀರು ಯಾವಾಗ ಏರುತ್ತದೆಂಬುದನ್ನು ಮಗುವೇ ನೋಡಿ ಹೇಳಲಿ.