ಆಕಾಶಕ್ಕೇರುವ ಮುನ್ನ ಮನಸ್ಸಿನ ತೂಕ

ವಿಮಾನ ಹಾರಿಸುವವರಿಗೆ ಏನೇನು ಇರಬೇಕು? ಚುರುಕು ಕಣ್ಣು, ಗಟ್ಟಿ ಗುಂಡಿಗೆ, ಗಣಿತ ಮತ್ತು ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಎಂಬುದು ಸಾಮಾನ್ಯ ಉತ್ತರ. ಇವೆಲ್ಲ ಇದ್ದವರೂ ಆಯ್ಕೆಯಲ್ಲಿ ಹಿಂದೆ ಬೀಳುವುದುಂಟು. ಅದಕ್ಕೆ ಒಂದು ಕಾರಣ ವ್ಯಕ್ತಿತ್ವ ಪರೀಕ್ಷೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೇನಲ್ಲ. ವಾಯುಪಡೆಯ ಎರಡನೇ ಆಯ್ಕೆ ಮಂಡಳಿ ಇರುವುದು ನೆರೆಯ ಮೈಸೂರಿನಲ್ಲಿ. ಹೇಮಾವತಿ ದಡದ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಅಗ್ಗದ ವಿಮಾನಯಾನಕ್ಕೆ ನಾಂದಿ ಹಾಡಿದ ಮೇಲೆ, ಪೈಲಟ್ ಆಗುವ ಕನಸು ಸಣ್ಣ ಊರುಗಳಿಗೂ ಹಬ್ಬಿತು.

ಮಂಡಳಿಯ ಪರೀಕ್ಷೆಯ ಬಗೆ ಕುತೂಹಲಕರ. ಅಭ್ಯರ್ಥಿಗೆ ಒಂದೊಂದೇ ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ. 4 ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ಇಂಥ 12 ಕಥೆಗಳಲ್ಲಿ ಕೊನೆಯದಕ್ಕೆ ಚಿತ್ರವೇ ಇರುವುದಿಲ್ಲ. ಬಳಿಕ 60 ಪದಗಳು; ಪ್ರತಿಯೊಂದನ್ನು ಕಂಡೊಡನೆ ಹೊಳೆದುದನ್ನು 15 ಸೆಕೆಂಡಿನಲ್ಲಿ ಬರೆಯಬೇಕು. ಆಮೇಲೆ 60 ಸಂದರ್ಭಗಳಿಗೆ ಅರ್ಧ ಗಂಟೆಯಲ್ಲಿ ಉತ್ತರ. ಚಿತ್ರ ನೋಡಿ ಕಥೆ ಹೇಳಿಸುವ ವಿಧಾನವನ್ನು ಹಾರ್ವರ್ಡ್‌ನ ಹೆನ್ರಿ ಮುರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1935ರಲ್ಲಿ ಪ್ರಕಟಿಸಿದ್ದರು.

ಚಿತ್ರದಲ್ಲಿ ಯುವಕನೊಬ್ಬ ಹೊಳೆಯ ದಡದಲ್ಲಿ ನಿಂತಿದ್ದಾನೆ ಎನ್ನೋಣ. ಒಬ್ಬನಿಗೆ ಆತ ಎಲ್ಲವನ್ನೂ ಕಳೆದುಕೊಂಡವನಂತೆ ಕಾಣುತ್ತಾನೆ. ಇನ್ನೊಬ್ಬನಿಗೆ ಆಚೆ ದಡ ಸೇರಲು ದೋಣಿ ಹುಡುಕುವವನಂತೆ. ಒಂದು ಕಥೆಯಿಂದ ಯಾರನ್ನೂ ಅಳೆಯಲಾಗದು. ಹನ್ನೆರಡರಲ್ಲೂ ಒಂದೇ ಜಾಡು ಕಂಡರೆ ಮನಃಶಾಸ್ತ್ರಜ್ಞರು ಗಮನಿಸುತ್ತಾರೆ. ಬಾಯಿಪಾಠದ ಕಥೆಗಳು ಇಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತವೆ. ಅದೇ ಅಭ್ಯರ್ಥಿಯ ಸಂದರ್ಶನ, ಗುಂಪು ಚಟುವಟಿಕೆಗಳೊಡನೆ ಅವು ತಾಳೆಯಾಗುವುದಿಲ್ಲ.

ಇಷ್ಟೆಲ್ಲ ಏಕೆ? 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಿದ ಕ್ಯಾಪ್ಟನ್ ಅನನುಭವಿಯಲ್ಲ, ಸಂಸ್ಥೆಯ ಹಿರಿಯ. ಜೊತೆಗಿದ್ದ ಎಂಜಿನಿಯರ್ ಶಂಕೆ ವ್ಯಕ್ತಪಡಿಸಿದರೂ ಕಿವಿಗೊಡಲಿಲ್ಲ. ಕಿರಿಯರ ಮಾತು ಕೇಳುವ ಗುಣವೂ ಹಾರಾಟದ ಕೌಶಲವೇ ಎಂಬುದನ್ನು ವಿಮಾನಯಾನ ಲೋಕ ಆ ದುರಂತದಿಂದ ಕಲಿತುಕೊಂಡಿತು.

ನಾಗರಿಕ ವಿಮಾನ ಸಂಸ್ಥೆಗಳೂ ಇಂದು ಇಂಥ ಪರೀಕ್ಷೆ ನಡೆಸುತ್ತವೆ. ಅಲ್ಲಿ ಕಥೆಗಿಂತ ಪ್ರಶ್ನಾವಳಿಗಳೇ ಹೆಚ್ಚು. ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ತನಗೆ ಎಂದೂ ಸಿಟ್ಟೇ ಬಂದಿಲ್ಲ ಎನ್ನುವವರ ಬಗ್ಗೆ ಅನುಮಾನ ಹುಟ್ಟುತ್ತದೆ.

ಆದರೆ ಮಧ್ಯಮ ವರ್ಗದ, ರೈತಾಪಿ ಕುಟುಂಬಗಳು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ವಾಯುಪಡೆಯಲ್ಲಿ ಮೊದಲು ಪರೀಕ್ಷೆ, ಆಮೇಲೆ ಸರ್ಕಾರದ ಖರ್ಚಿನಲ್ಲಿ ತರಬೇತಿ. ನಾಗರಿಕ ಮಾರ್ಗದಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. 200 ಗಂಟೆಗಳ ಹಾರಾಟ ಮುಗಿಸಿ ವಾಣಿಜ್ಯ ಲೈಸೆನ್ಸ್ ಪಡೆಯುವ ಹೊತ್ತಿಗೆ ಅರ್ಧ ಕೋಟಿ ರೂಪಾಯಿ ಕರಗಿರಬಹುದು. ವ್ಯಕ್ತಿತ್ವ ಪರೀಕ್ಷೆ ಎದುರಾಗುವುದು ಅದಾದ ಮೇಲೆ, ಕೆಲಸ ಕೇಳಲು ಹೋದಾಗ. ಅಷ್ಟರಲ್ಲಿ ಜಮೀನು ಅಡವಿಟ್ಟಾಗಿರುತ್ತದೆ, ಸಾಲದ ಬಡ್ಡಿ ಓಡುತ್ತಿರುತ್ತದೆ. ವಿಮಾನ ಸಂಸ್ಥೆಗಳ ಕೆಡೆಟ್ ಯೋಜನೆಗಳಲ್ಲಿ ಖರ್ಚು ದುಬಾರಿಯಾದರೂ ಆಯ್ಕೆ ಮೊದಲು, ಹಣ ಆಮೇಲೆ. ಕಣ್ಣು, ಹೃದಯಗಳ ತಪಾಸಣೆಯನ್ನು ತರಬೇತಿಗೆ ಮುಂಚೆಯೇ ಮಾಡಿಸುವವರು ಈ ಲೆಕ್ಕವನ್ನೂ ಹಾಕುವುದು ಒಳಿತು.

ಪರೀಕ್ಷೆಗೂ ಮಿತಿಯುಂಟು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ಸಹಚಾಲಕ ವಿಮಾನವನ್ನು ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ, ತಾನೂ ಸೇರಿ 150 ಮಂದಿಯ ಸಾವಿಗೆ ಕಾರಣನಾದ. ಆಯ್ಕೆಯ ಹಂತಗಳನ್ನೆಲ್ಲ ದಾಟಿ ಬಂದಿದ್ದ ಆತ, ನಂತರ ಮರುಕಳಿಸಿದ ಮಾನಸಿಕ ಕಾಯಿಲೆಯನ್ನು ಸಂಸ್ಥೆಯಿಂದ ಮುಚ್ಚಿಟ್ಟಿದ್ದ. 2021ರಿಂದ ಯುರೋಪ್ ನೇಮಕಕ್ಕೆ ಮುಂಚಿನ ಮಾನಸಿಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ಜೊತೆಗೆ, ಪೈಲಟ್‌ಗಳು ತಮ್ಮ ಸಂಕಟವನ್ನು ಸಹೋದ್ಯೋಗಿಗಳಲ್ಲಿ ಅಂಜಿಕೆಯಿಲ್ಲದೆ ಹೇಳಿಕೊಳ್ಳುವ ವ್ಯವಸ್ಥೆಯನ್ನೂ ತಂದಿತು. ಪರೀಕ್ಷೆಯ ದಿನದ ಮನಸ್ಸೇ ಹತ್ತು ವರ್ಷದ ಮೇಲೂ ಇರುತ್ತದೆಂದು ಹೇಳುವಂತಿಲ್ಲ.