ಕಣ, ಕೊಟ್ಟಿಗೆಗಳ ಕಾಂಕ್ರೀಟಿಗೆ ಮರಳು-ಜಲ್ಲಿಯ ಆಯ್ಕೆ

ಸಾಲ ಮಾಡಿ ಹಾಕಿಸಿದ ಕಾಂಕ್ರೀಟ್ ಕಣವು ಎರಡೇ ಮಳೆಗಾಲದಲ್ಲಿ ಪುಡಿಯಾಗಿ ಏಳುವುದನ್ನೂ ಹೊಸ ನೀರಿನ ತೊಟ್ಟಿ ಒಸರುವುದನ್ನೂ ನೀವು ನೋಡಿರಬಹುದು. ಆಗ ಸಾಮಾನ್ಯವಾಗಿ ಸಿಮೆಂಟನ್ನು ದೂರುತ್ತೇವೆ. ಆದರೆ ಕಾಂಕ್ರೀಟಿನ ಗಾತ್ರದಲ್ಲಿ ಸುಮಾರು ಮುಕ್ಕಾಲು ಪಾಲು ಮರಳು ಮತ್ತು ಜಲ್ಲಿ. ಇವು ಕಳಪೆಯಾದರೆ ಒಳ್ಳೆಯ ಸಿಮೆಂಟೂ ವ್ಯರ್ಥ. ಆದ್ದರಿಂದ ಲೋಡು ತರಿಸುವ ಮೊದಲು ಒಂದೊಂದು ಬುಟ್ಟಿ ಮಾದರಿ ತಂದು ಮನೆಯಲ್ಲಿಯೇ ಪರೀಕ್ಷಿಸಿ.

ಮರಳು

ಕಾಂಕ್ರೀಟಿಗೆ ದಪ್ಪ ಹರಳಿನ ಒರಟು ಮರಳು ಬೇಕು. ನುಣುಪು ಮರಳನ್ನು ಗಾರೆಗೆ ಇಟ್ಟುಕೊಳ್ಳಿ. ಮರಳನ್ನು ಅಂಗೈಯಲ್ಲಿ ಉಜ್ಜಿದಾಗ ಮಣ್ಣು ಮೆತ್ತಿಕೊಂಡರೆ ಅನುಮಾನಿಸಬೇಕು.

ಹೊಳೆಯ ಮರಳಾದರೆ ನೇರ ಗೋಡೆಯ ಗಾಜಿನ ಬಾಟಲಿಗೆ ಅರ್ಧದಷ್ಟು ತುಂಬಿ. ಚಿಟಿಕೆ ಉಪ್ಪು ಬೆರೆಸಿದ ನೀರನ್ನು ಮುಕ್ಕಾಲು ಮಟ್ಟದವರೆಗೆ ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡಿ. ಮರಳು ತಳದಲ್ಲಿ, ಮಣ್ಣು ಅದರ ಮೇಲೆ ಪದರವಾಗಿ ಕೂರುತ್ತದೆ. 100 ಮಿ.ಮೀ. ಮರಳಿನ ಮೇಲೆ ಮಣ್ಣು 8 ಮಿ.ಮೀ.ಗಿಂತ ಹೆಚ್ಚಿದ್ದರೆ ಆ ಮರಳನ್ನು ತೊಳೆಯದೆ ಬಳಸಬಾರದು.

ಕಡಲ ತೀರದ ಮರಳನ್ನಾಗಲಿ, ಚೌಳು ಭೂಮಿಯ ಹಳ್ಳದ ಮರಳನ್ನಾಗಲಿ ಕಬ್ಬಿಣ ಹಾಕುವ ಕೆಲಸಕ್ಕೆ ತರಬೇಡಿ. ಅದರ ಉಪ್ಪು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ಎಂ-ಸ್ಯಾಂಡ್ ಉಪಯೋಗಿಸಬಹುದು, ಆದರೆ ಅದರ ಹೆಸರಿನಲ್ಲಿ ಕ್ರಷರ್ ಪುಡಿ ಬಾರದಂತೆ ನೋಡಿಕೊಳ್ಳಿ.

ಹಸಿ ಮರಳಿನ ಮೋಸ

ಸ್ವಲ್ಪ ತೇವವಿರುವ ಮರಳು ಉಬ್ಬಿರುತ್ತದೆ. ಬಕೆಟ್ಟಿನಲ್ಲಿ 30 ಸೆಂ.ಮೀ. ಎತ್ತರ ಇದ್ದದ್ದು, ನೀರು ತುಂಬಿ ಕಲಕಿದಾಗ 24 ಸೆಂ.ಮೀ.ಗೆ ಇಳಿಯಬಹುದು. ಹಾಗಿದ್ದರೆ ಅಳೆಯುವಾಗ ಕಾಲು ಭಾಗ ಹೆಚ್ಚು ಮರಳು ಹಾಕಬೇಕು. ಗಾತ್ರದ ಲೆಕ್ಕದಲ್ಲಿ ಕೊಳ್ಳುವಾಗಲೂ ಇದನ್ನು ಮರೆಯಬೇಡಿ.

ಜಲ್ಲಿ

ಗಟ್ಟಿಯಾದ ಗ್ರಾನೈಟ್ ಅಥವಾ ಕರಿಕಲ್ಲಿನ ಜಲ್ಲಿ ಉತ್ತಮ. ಕಲ್ಲನ್ನು ಸುತ್ತಿಗೆಯಿಂದ ಹೊಡೆದಾಗ ಠಣ್ಣೆಂದರೆ ಗಟ್ಟಿ. ಮಂಕಾಗಿ ಸದ್ದು ಮಾಡಿ ಪುಡಿಯಾದರೆ ಶಿಥಿಲವಾದ ಕಲ್ಲು. ಕರಾವಳಿಯ ಜಂಬಿಟ್ಟಿಗೆ ಗೋಡೆಗೆ ಸರಿ, ಜಲ್ಲಿಗೆ ಬೇಡ. ಅದು ನೀರು ಹೀರುತ್ತದೆ. ಚಪ್ಪಟೆ ಹಾಗೂ ಉದ್ದ ಚೂರುಗಳು ಹೆಚ್ಚಿರುವ ಜಲ್ಲಿಯನ್ನು ಬಿಡಿ. ಧೂಳು ಮೆತ್ತಿದ್ದರೆ ತೊಳೆದು ಹಾಕಿ.

ಜಲ್ಲಿಯ ಗಾತ್ರ ಕಾಂಕ್ರೀಟಿನ ದಪ್ಪದ ಕಾಲು ಭಾಗವನ್ನು ಮೀರಬಾರದು. 10 ಸೆಂ.ಮೀ. ದಪ್ಪದ ಕಣಕ್ಕೆ 20 ಮಿ.ಮೀ. ಜಲ್ಲಿ ಸೂಕ್ತ. ತಳಪಾಯಕ್ಕೆ 40 ಮಿ.ಮೀ. ಜಲ್ಲಿ ಹಾಕಬಹುದು.

ಅಳತೆ

ಬಾಣಲಿ ಲೆಕ್ಕ ನಂಬಬೇಡಿ. ಒಳ ಅಳತೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಇರುವ ಮರದ ಪೆಟ್ಟಿಗೆ ಮಾಡಿಸಿ. ಇದು 35 ಲೀಟರ್, ಅಂದರೆ ಒಂದು ಚೀಲ ಸಿಮೆಂಟಿನ ಗಾತ್ರ. ಕಣ ಹಾಗೂ ಕೊಟ್ಟಿಗೆಯ ನೆಲಕ್ಕೆ ಚೀಲವೊಂದಕ್ಕೆ ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ ಸಾಕು.

ಒಂದು ಬಾಟಲಿ, ಒಂದು ಸುತ್ತಿಗೆ, ಒಂದು ಪೆಟ್ಟಿಗೆ: ಪರೀಕ್ಷೆಗೆ ಬೇಕಾದದ್ದು ಇಷ್ಟೇ. ಕೆಟ್ಟ ನೆಲವನ್ನು ಒಡೆದು ಮತ್ತೆ ಹಾಕಿಸಲು ಮಾತ್ರ ಎರಡನೆಯ ಸಾಲ ಬೇಕಾಗುತ್ತದೆ.