ಮನಿ, ಮಾಳಿಗಿ, ಗಿಟಾರು

ನಮ್ಮ ಹಾಸ್ಟೆಲಿನಲ್ಲಿ ಸ್ಕಾ-ಪಂಕ್ ಕೇಳೋರ ಗುಂಪೊಂದಿದೆ. ಜಮೈಕಾದ ಸ್ಕಾ ಕುಣಿತದ ಲಯ, ಪಂಕ್ ಗಿಟಾರಿನ ವೇಗ, ಮೇಲೆ ಟ್ರಂಪೆಟ್, ಟ್ರಾಂಬೋನ್. ಒಂದು ಊರಿನ ಸಂಗೀತ ಇನ್ನೊಂದು ಊರಿನ ಗಿಟಾರಿಗೆ ಹೀಗೂ ಹೊಂದುತ್ತೆ ಅಂತ ತೋರಿಸೋ ಸಂಗೀತ ಅದು. ಆ ಥರದ ಕೆಲಸ ಕನ್ನಡದಲ್ಲೂ ಆಗಿದೆ. ನನ್ನ ಮೆಚ್ಚಿನ ರಘು ದೀಕ್ಷಿತ್ ಪ್ರಾಜೆಕ್ಟ್ ಮಾಡಿದ್ದು ಅದನ್ನೇ.

ರಘು ಮೈಸೂರಿನವರು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಗಿಟಾರು ಹಿಡಿದದ್ದು ಕಾಲೇಜಿಗೆ ಬಂದ ಮೇಲೆ. 2008ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’ ಕೂತಿವೆ. 2011ರಲ್ಲಿ ಬ್ಯಾಂಡು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ನುಡಿಸಿ ಬಂತು.

ನನ್ನ ಕಿವಿ ನಿಲ್ಲೋದು ಮಾತ್ರ ಆ ‘ಮನಿ’, ‘ಮಾಳಿಗಿ’ ಮೇಲೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯವರು ಕ್ಲಾಸಿನಲ್ಲಿ ‘ಮನಿಗೆ ಹೋಗಿದ್ದೆ’ ಅಂದ್ರೆ ಹಿಂದಿನ ಬೆಂಚು ನಗುತ್ತೆ. ಎರಡನೇ ಸೆಮಿಸ್ಟರಿಗೆ ನಾವೇ ‘ಮನೆ’ ಅನ್ನೋಕೆ ಶುರು ಮಾಡಿರ್ತೀವಿ. ಶರೀಫರು (1819–1889) ದೂರದವರೇನಲ್ಲ. ಹಡಗಲಿ, ಹರಪನಹಳ್ಳಿ ಕಡೆಯಿಂದ ತುಂಗಭದ್ರೆ ದಾಟಿದರೆ ಅವರ ಹಾವೇರಿ ಜಿಲ್ಲೆ. ಅವರ ‘ಮನಿ’ಯನ್ನ ಮೈಸೂರಿನ ಗಾಯಕ ‘ಮನೆ’ ಅಂತ ತಿದ್ದದೆ ಹಾಗೇ ಹಾಡಿದ್ದಾರೆ. ತಿದ್ದಿದ್ರೆ ಹಾಡೇ ಸೋರೋದು.

ಸಿವಿಲ್‌ನವರು ಗಮನಿಸ್ರಿ, ಮಾಳಿಗಿ ಅಂದ್ರೆ ಮಹಡಿ ಅಲ್ಲ. ತೊಲೆ, ಜಂತಿ ಮೇಲೆ ಮಣ್ಣು ಬಡಿದು ಮಾಡಿದ ಚಪ್ಪಟೆ ಸೂರು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಕರಲು ಮಣ್ಣು ಹರಡಬೇಕು, ಇಲ್ಲಾಂದ್ರೆ ರಾತ್ರಿಯೆಲ್ಲ ಪಾತ್ರೆ ಇಟ್ಟು ಕೂತಿರಬೇಕು. ಆ ಹೊತ್ತಿನಲ್ಲಿ ಮೇಲೆ ಹತ್ತೋರು ಯಾರು? ಶರೀಫರು ಆ ಮನೆಯನ್ನೇ ಮೈ ಮಾಡಿಬಿಟ್ರು.

ಇಂಥ ಪದ ಗಿಟಾರಿಗೆ ಒಗ್ಗಿದ್ದು ಹೇಗೆ? ಭಜನೆಯಲ್ಲಿ ಒಬ್ಬರು ಎತ್ತಿಕೊಡ್ತಾರೆ, ಉಳಿದವರು ಪಲ್ಲವಿ ಹಿಡೀತಾರೆ. ಏಕತಾರಿ, ತಾಳ ಇದ್ರೆ ಸಾಕು. ಪಲ್ಲವಿ ಮತ್ತೆ ಮತ್ತೆ ಬರೋದರಿಂದ ಮೊದಲ ಸಲ ಕೇಳಿದವರೂ ದನಿ ಸೇರಿಸಬಹುದು. ರಾಕ್ ಕಚೇರಿಗೆ ಬೇಕಾದದ್ದೂ ಅದೇ. ಹಾಗಾಗಿ ಬೇಸ್, ಡ್ರಮ್ಸ್, ಪಿಟೀಲು ಎಲ್ಲ ಬಂದು ಕೂತರೂ ಪದದ ಕಟ್ಟು ಸಡಿಲಾಗಲ್ಲ. ‘ಗುಡುಗುಡಿ’ ಅಂದ್ರೆ ಹುಕ್ಕಾ ಅಂತ ಗೊತ್ತಾದ ಕೂಡಲೇ ಫೆಸ್ಟ್‌ನಲ್ಲಿ ಕೆಲವರಿಗೆ ಎಲ್ಲಿಲ್ಲದ ಹುರುಪು. ಕುಣೀಲಿ ಬಿಡ್ರಿ. ಶರೀಫರು ಸೇದು ಅಂದದ್ದು ಒಳಗಿನ ಕಾಯಿಲೆ ತೊಲಗಲಿ ಅಂತ.

ಒಂದು ತಕರಾರೂ ಇದೆ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ಸಂಗೀತ ಕೊಟ್ಟ ಸಿ. ಅಶ್ವತ್ಥ್ ಕಂಠದಲ್ಲಿ ಬಯಲಿನಾಚೆಗೂ ಕೇಳೋ ಕೂಗಿದೆ. ಅದರ ಮುಂದೆ ರಘು ಅವರ ‘ಸೋರುತಿಹುದು’ ನನಗೆ ಸ್ವಲ್ಪ ಜಾಸ್ತಿಯೇ ನಯ. 2013ರ ‘ಜಗ್ ಚಂಗಾ’ ಆಲ್ಬಮ್ಮಿನ ‘ಲೋಕದ ಕಾಳಜಿ’ಯಲ್ಲಿ ಆ ಕೊರತೆ ಇಲ್ಲ, ಅದೂ ಶರೀಫರದೇ. ಮೊದಲು ಅದನ್ನೇ ಹಾಕ್ರಿ, ಇಯರ್‌ಫೋನಲ್ಲಿ ಬೇಡ, ರೂಮಿನಲ್ಲಿ ನಾಲ್ಕು ಜನ ಇದ್ದಾಗ. ಪಲ್ಲವಿ ಎರಡನೇ ಸಲ ಬರೋ ಹೊತ್ತಿಗೆ ಯಾರಾದ್ರೂ ಒಬ್ಬರು ಹಿಡಿದಿರ್ತಾರೆ.